ಏಳನೇ ಪುಟದಲ್ಲಿ ಬಾರದ ನಾಲ್ಕು ಸಾಲು

ಹೊನ್ನೂರಿನಿಂದ ಮಾರ್ಟಳ್ಳಿಗೆ ಹೋಗಿಬರಲು ಒಂದೂವರೆ ದಿನ ಸಾಕು. ನನಗೆ ಐದು ವರ್ಷದ ಮೇಲೆ ಹಿಡಿಯಿತು. ಕೊನೆಗೂ ಈ ಜನವರಿಯ ಒಂದು ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಆಟೋ ಹತ್ತಿ ಯಳಂದೂರಿನ ಕಡೆ ಹೊರಟೆ. ಗದ್ದೆಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಒಂದು ಹಳೆಯ ನೋಟ್‌ಬುಕ್ಕು, ಅದರೊಳಗೆ ಒಂದು ಪೋಸ್ಟ್‌ಕಾರ್ಡು ಇದ್ದವು. ಎರಡು ತೆಂಗಿನಕಾಯಿಯೂ ಇದ್ದವು. ಅವುಗಳ ವಿಚಾರದಲ್ಲಿ ನನ್ನ ಹೆಂಡತಿಗೆ ಬೆಳಗಿನಿಂದ ತೀರ್ಮಾನವೇ ಆಗಿರಲಿಲ್ಲ. ಸಾವಿನ ಮನೆಗೆ ಕಾಯಿ ಒಯ್ಯಬಾರದು ಎಂದು ಒಮ್ಮೆ ಹೊರಗೆ ತೆಗೆದಳು. ಸಾವಾಗಿ ಇಷ್ಟು ವರ್ಷವಾದ ಮೇಲೆ ಬರಿಗೈಲಿ ಹೋಗುವುದೂ ಚೆನ್ನಾಗಿರೋದಿಲ್ಲ ಎಂದು ಮತ್ತೆ ಹಾಕಿದಳು. ಒಂದು ಕಾಗದ ಬರೆದು ಹಾಕಿದರೆ ಸಾಲದೇ, ಈ ವಯಸ್ಸಿನಲ್ಲಿ ಆ ಕಾಡು ರಸ್ತೆಯಲ್ಲಿ ಯಾಕೆ ಹೋಗುತ್ತೀರಿ ಎಂದೂ ಕೇಳಿದಳು. ಕಾಗದ ಬರೆಯುವ ಕಾಲ ಮೀರಿಹೋಗಿತ್ತು.

ನಾನು ಮೈಸೂರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷ ಡೆಸ್ಕಿನಲ್ಲಿ ಕೂತು ಸವೆದವನು. ಏಳನೇ ಪುಟದ ವಿದೇಶ ಸುದ್ದಿ ನನ್ನದು. ಏಜೆನ್ಸಿಯಿಂದ ಇಂಗ್ಲಿಷಿನಲ್ಲಿ ಬಂದದ್ದನ್ನು ಕನ್ನಡ ಮಾಡಿ, ಅಳತೆಗೆ ಕತ್ತರಿಸಿ, ತಲೆಬರಹ ಕೊಡುವುದಷ್ಟೇ ಕೆಲಸ. ಬೆಂಗಳೂರು ದಾಟಿ ಎಲ್ಲಿಗೂ ಹೋಗದ ನನ್ನನ್ನು ಊರಿನವರು ‘ಫಾರಿನ್ ಮೇಷ್ಟ್ರು’ ಎಂದು ಕರೆದು ನಗುತ್ತಿದ್ದರು. ಕೊರೊನಾ ಬಂದ ವರ್ಷ ಆ ಪುಟದ ತುಂಬ ಇಟಲಿ. ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಆ ದೇಶದ ಸುದ್ದಿಯಿಲ್ಲದ ವಾರವೇ ಇರಲಿಲ್ಲ. ಜೂನ್‌ವರೆಗಿನದ್ದನ್ನು ನಾನು ಬರೆದೆ. ಉಳಿದದ್ದನ್ನು ಬೇರೆ ಯಾರೋ ಬರೆದರು, ಯಾಕೆಂದರೆ ಜೂನ್‌ನಲ್ಲಿ ನನ್ನನ್ನೂ ಇನ್ನೂ ಕೆಲವರನ್ನೂ ಮನೆಗೆ ಕಳಿಸಿದರು.

ಹಾಗೆ ಮನೆಗೆ ಬರುವಾಗ ನನ್ನ ಮೇಜಿನ ಮೇಲೆ ಎರಡು ತಿಂಗಳಿಂದ ಬಿದ್ದಿದ್ದ ಟಪಾಲನ್ನೆಲ್ಲ ಒಂದು ಚೀಲಕ್ಕೆ ತುಂಬಿ ಕೊಟ್ಟಿದ್ದರು. ಕೆಲಸ ಹೋದ ಸಿಟ್ಟಿನಲ್ಲಿ ಅದನ್ನು ಬಿಚ್ಚಿಯೂ ನೋಡದೆ ಅಟ್ಟಕ್ಕೆ ಎಸೆದೆ. ಈ ಸಂಕ್ರಾಂತಿಗೆ ಮನೆಗೆ ಸುಣ್ಣ ಹೊಡೆಸುವಾಗ ಚೀಲ ಕೆಳಗಿಳಿಯಿತು. ಓದುಗರ ಪತ್ರಗಳ ನಡುವೆ ಈ ಕಾರ್ಡು ಇತ್ತು. ಮಾರ್ಟಳ್ಳಿಯ ಹತ್ತಿರದ ಒಂದು ಊರಿನಿಂದ ಅಂತೋಣಿಸ್ವಾಮಿ ಎಂಬವರು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. ‘ನಮ್ಮ ಅಕ್ಕ ಸಿಸ್ಟರ್ ಸಗಾಯಮೇರಿ ಇಟಲಿಯಲ್ಲಿ ವೃದ್ಧಾಶ್ರಮದಲ್ಲಿ ಸೇವೆಯಲ್ಲಿದ್ದಾರೆ. ಫೋನು ಸಿಗುತ್ತಿಲ್ಲ. ತಾವು ಇಟಲಿಯ ಎಲ್ಲ ಊರಿನ ಸುದ್ದಿ ಹಾಕುತ್ತೀರಿ, ಅಕ್ಕನ ಊರಿನದು ಬಂದಿಲ್ಲ. ಏನಾದರೂ ತಿಳಿದಿದ್ದರೆ ದಯಮಾಡಿ ಒಂದು ಸಾಲು ಬರೆಯಿರಿ.’ ಕೆಳಗೆ ಬೆರ್ಗಮೊ ಕಡೆಯ ಆ ಸಣ್ಣ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಎರಡು ಗೆರೆ ಎಳೆದಿದ್ದರು.

ಆ ಊರಿನ ಹೆಸರು ನನಗೆ ಗೊತ್ತಿತ್ತು. ಟೈಪ್ ಮಾಡುವ ಮೊದಲು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಅನುವಾದಿಸಿಕೊಳ್ಳುವುದು ನನ್ನ ಹಳೇ ಚಾಳಿ. ಅದೇ ಅಟ್ಟದಲ್ಲಿ ಆ ವರ್ಷದ ನೋಟ್‌ಬುಕ್ಕೂ ಸಿಕ್ಕಿತು. ಏಪ್ರಿಲ್ ಮೊದಲ ವಾರದ ಹಾಳೆಯಲ್ಲಿ ಆ ಊರಿನ ವೃದ್ಧಾಶ್ರಮದ ವರದಿ ಇತ್ತು. ಕೊನೆಯ ನಾಲ್ಕು ಸಾಲಿನ ಮೇಲೆ ನಾನೇ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದಿದ್ದೆ. ಅವುಗಳಲ್ಲಿ ಸಿಸ್ಟರ್ ಸಗಾಯ ಎಂಬ ಹೆಸರಿತ್ತು.

ಡೆಸ್ಕಿಗೆ ಸೇರಿದ ಮೊದಲ ವಾರವೇ ಹಿರಿಯರು ಕಲಿಸಿಕೊಡುವ ಪಾಠ ಒಂದಿದೆ: ಜಾಗ ಸಾಲದಿದ್ದರೆ ಸುದ್ದಿಯನ್ನು ಕೆಳಗಿನಿಂದ ಕತ್ತರಿಸು. ಮುಖ್ಯವಾದದ್ದು ತಲೆಯಲ್ಲಿರುತ್ತದೆ, ಬಾಲ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಇಪ್ಪತ್ತಾರು ವರ್ಷ ಹಾಗೇ ಮಾಡಿದೆ. ಯಾರಿಗೂ ಗೊತ್ತಾಗಿರಲಿಲ್ಲ.

ಯಳಂದೂರಿನಲ್ಲಿ ಕೊಳ್ಳೇಗಾಲದ ಬಸ್ಸು ತಕ್ಷಣ ಸಿಕ್ಕಿತು. ಕಬ್ಬು ಕಡಿಯುವ ಕಾಲ. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರೈಲರು ಕಟ್ಟಿಕೊಂಡು ರಸ್ತೆಯ ಮುಕ್ಕಾಲು ಭಾಗ ತಮ್ಮದೇ ಎಂಬಂತೆ ಹೋಗುತ್ತಿದ್ದವು. ಡ್ರೈವರು ಹಾರನ್ ಹೊಡೆದು ಹೊಡೆದು ಸುಸ್ತಾಗಿ ಅವುಗಳ ಹಿಂದೆಯೇ ಬಂದ. ಪಕ್ಕದಲ್ಲಿ ಕೂತಿದ್ದ ವಿಭೂತಿ ಹಚ್ಚಿದ ಹಿರಿಯರು ಎಲ್ಲಿಗೆ ಪಯಣ, ಏನು ಕೆಲಸ ಎಂದು ವಿಚಾರಿಸಿದರು. ಪತ್ರಿಕೆಯಲ್ಲಿದ್ದೆ, ವಿದೇಶದ ಸುದ್ದಿ ನೋಡಿಕೊಳ್ಳುತ್ತಿದ್ದೆ ಎಂದೆ. “ಫಾರಿನ್ ಸುದ್ದಿ ತಕಂಡು ನಾವೇನ್ ಮಾಡಾವು ಸಾ?” ಎಂದರು ಅವರು. “ನಾನಂತೂ ಆ ಪುಟ ನೋಡದೇ ಇಲ್ಲ ಕಣ್ರಿ.” ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಇಷ್ಟು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ, ಆ ಪುಟವನ್ನು ಯಾರೂ ನೋಡುವುದಿಲ್ಲ ಎಂದು.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಇಡ್ಲಿ ತಿಂದು, ಕಾಫಿ ಕುಡಿದು, ಒಂಬತ್ತೂವರೆಯ ಹನೂರಿನ ಬಸ್ಸು ಹಿಡಿದೆ. ಮೂವತ್ತೈದು ರೂಪಾಯಿ ಟಿಕೆಟ್ಟು. ಹೆಂಗಸರಿಗೆ ಪುಕ್ಕಟೆಯಾದ್ದರಿಂದ ಬಸ್ಸಿನ ತುಂಬ ಅವರೇ. ಕಾಮಗೆರೆಯಲ್ಲಿ ಇಬ್ಬರು ಸಿಸ್ಟರುಗಳು ಹತ್ತಿದರು. ಒಬ್ಬರಿಗೆ ಅರವತ್ತು ಇರಬಹುದು, ಮಾಸಲು ಬಿಳಿ ಸೀರೆ, ಕೈಯಲ್ಲಿ ಸೊಪ್ಪಿನ ಚೀಲ. ಎದ್ದು ಜಾಗ ಕೊಟ್ಟೆ. ಥ್ಯಾಂಕ್ಸ್ ಎಂದು ಕೂತು, ಮಂಗಲ ದಾಟುವುದರೊಳಗೆ ಕಿಟಕಿಗೆ ತಲೆಯಾನಿಸಿ ನಿದ್ದೆಹೋದರು. ಆ ನಿದ್ದೆಯನ್ನೇ ನೋಡುತ್ತ ನಿಂತಿದ್ದೆ. ಸಗಾಯಮೇರಿಯವರೂ ಈ ಬಸ್ಸಿನಲ್ಲೇ ಹೀಗೇ ಓಡಾಡಿರಬೇಕು. ಅವರ ಮುಖವನ್ನು ನಾನು ಕಂಡಿರಲಿಲ್ಲ. ಹೆಸರನ್ನು ಮಾತ್ರ ಒಮ್ಮೆ ಕೈಯಾರೆ ಬರೆದು, ಕೈಯಾರೆ ಹೊಡೆದುಹಾಕಿದ್ದೆ.

ಹನೂರಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಒಂದು ಮೆಸ್ಸಿನಲ್ಲಿ ಮುದ್ದೆ, ಹಿದುಕಿದ ಅವರೆಬೇಳೆ ಸಾರು ಬಡಿಸಿದರು. ಸಾರು ಬಹಳ ಚೆನ್ನಾಗಿತ್ತು, ನನಗೆ ಮುದ್ದೆ ಇಳಿಯಲಿಲ್ಲ. ಹೇಗೆ ಮಾತು ಶುರುಮಾಡುವುದು ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ನಾಲ್ಕೈದು ಬಗೆಯಲ್ಲಿ ಯೋಚಿಸಿದೆ, ಎಲ್ಲವೂ ಸಂಪಾದಕೀಯದಂತೆ ಕೇಳಿಸುತ್ತಿದ್ದವು. ವಾಪಸ್ ಹೋಗಿಬಿಡಲೇ ಎಂದು ಒಂದು ಸಲ ಅನ್ನಿಸಿದ್ದು ಸುಳ್ಳಲ್ಲ. ಕೊಳ್ಳೇಗಾಲದ ಬಸ್ಸು ಎದುರಿಗೇ ನಿಂತಿತ್ತು.

ಅಲ್ಲಿಂದ ಮುಂದೆ ಮಲೆ ಮಹದೇಶ್ವರ ಬೆಟ್ಟದ ಬಸ್ಸಿನಲ್ಲಿ ಕೌದಳ್ಳಿಯವರೆಗೆ ಹೋದೆ. ಅಲ್ಲಿ ಮುಕ್ಕಾಲು ಗಂಟೆ ಕಾದು ಮಾರ್ಟಳ್ಳಿಯ ಬಸ್ಸು ಹತ್ತಿದೆ. ಎರಡೂ ಕಡೆ ಜೋಳ ಕಟಾವಾದ ಹೊಲ, ಅದರಾಚೆ ಕುರುಚಲು ಕಾಡು, ಅದರಾಚೆ ತಮಿಳುನಾಡಿನ ಕಡೆಯ ನೀಲಿ ಬೆಟ್ಟ. ಬಸ್ಸಿನೊಳಗಿನ ಮಾತು ಸದ್ದಿಲ್ಲದೆ ತಮಿಳಿಗೆ ತಿರುಗಿತು. ನನಗೆ ತಮಿಳು ಬರುವುದಿಲ್ಲ. ಅಂತೋಣಿಸ್ವಾಮಿಯ ಮನೆ ಎಲ್ಲಿ ಎಂದು ಕೇಳಿದಾಗ ಮಾತ್ರ ಕಂಡಕ್ಟರು ಕನ್ನಡದಲ್ಲೇ, “ಸಿಸ್ಟರ್ ಮನೆ ಅನ್ನಿ ಸಾ. ಅಂಗಂದ್ರೆ ಎಲ್ರಿಗೂ ಗೊತ್ತು” ಎಂದು ಮನೆಯ ದಾರಿಯ ಬಾಯಲ್ಲೇ ಇಳಿಸಿಹೋದ.

ಹೆಂಚಿನ ಮನೆ. ಅದರ ಹಿಂದೆ ತಗಡಿನ ಚಾವಣಿಯ ಉದ್ದನೆಯ ಹುಳುಮನೆ, ಆಚೆಗೆ ಮುಕ್ಕಾಲು ಎಕರೆಯಷ್ಟು ಹಿಪ್ಪುನೇರಳೆ ತೋಟ. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಅಪರಿಚಿತರು ಸೀದಾ ಒಳಗೆ ನುಗ್ಗುವಂತಿಲ್ಲ, ಹುಳುವಿಗೆ ರೋಗ ತಗಲುತ್ತದೆಂಬ ಭಯ. ಅದು ಗೊತ್ತಿದ್ದರಿಂದ ಅಂಗಳದಲ್ಲೇ ನಿಂತು ಕೂಗಿದೆ. ಐವತ್ತರ ಆಸುಪಾಸಿನ ಹೆಂಗಸು ಬಂದು, ನೀರು ಕೊಟ್ಟು, ಜಗಲಿಯ ಮೇಲೆ ಕೂರಿಸಿದರು. ಅಂತೋಣಿಯವರ ಹೆಂಡತಿ ಸೆಲ್ವಿ. ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ, ಹಾಗಾಗಿ ಇವತ್ತು ಸೊಪ್ಪು ಹಾಕುವ ಕೆಲಸವಿಲ್ಲ, ಅವರು ಇಲ್ಲೇ ಇದ್ದಾರೆ ಎಂದರು. ಹುಳು ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹೀಗೆ ನಾಲ್ಕು ಸಲ. ನಾಲ್ಕನೆಯದು ಕಳೆದ ಮೇಲೆ ಹಗಲುರಾತ್ರಿ ಸೊಪ್ಪು ತಿಂದು ಗೂಡು ಕಟ್ಟುತ್ತವೆ.

ಅಂತೋಣಿಸ್ವಾಮಿ ಬಂದರು. ನನಗಿಂತ ಹತ್ತು ವರ್ಷ ಚಿಕ್ಕವರು, ಬಿಗಿಯಾದ ಮೈ, ತಲೆಗೆ ಟವೆಲ್ಲು. ಯೋಚಿಸಿಕೊಂಡು ಬಂದಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಪೋಸ್ಟ್‌ಕಾರ್ಡನ್ನು ತೆಗೆದು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. ತಮ್ಮದೇ ಅಕ್ಷರ ಗುರುತು ಹತ್ತಲು ತುಸು ಹೊತ್ತು ಹಿಡಿಯಿತು.

“ಇದು ನಾನ್ ಬರ್ದಿದ್ದು,” ಎಂದರು. ಆಮೇಲೆ ನನ್ನನ್ನೇ ನೋಡುತ್ತ, “ಉತ್ರ ಈಗ್ ತಂದ್ರಾ ಸಾ?” ಎಂದರು.

ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವರಿಗೆ ಏನು ಗೊತ್ತಿದೆ ಎಂದು ಮೊದಲು ಕೇಳಿಕೊಂಡೆ. ಕಾರ್ಡು ಹಾಕಿದ ಹತ್ತು ಹನ್ನೆರಡು ದಿನಕ್ಕೆ ಅಕ್ಕನ ಕನ್ಯಾಸ್ತ್ರೀ ಮಠದ ಮುಖ್ಯ ಮನೆಯಿಂದ ಫೋನು ಬಂದಿತ್ತಂತೆ. ಅಕ್ಕ ತೀರಿಹೋದರು, ಅಲ್ಲೇ ಮಣ್ಣು ಮಾಡಿದರು, ಪ್ರಾರ್ಥಿಸಿ ಎಂದು ಹೇಳಿ, ಫೋನು ಮಾಡಿದ ಸಿಸ್ಟರೂ ಅತ್ತರಂತೆ. ಅದಕ್ಕಿಂತ ಹೆಚ್ಚು ಅವರಿಗೂ ತಿಳಿದಿರಲಿಲ್ಲ. ಆ ದಿನಗಳಲ್ಲಿ ಅಲ್ಲಿ ಯಾರನ್ನೂ ಯಾರ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ವರ್ಷ ಕಳೆದು ಒಂದು ಪೆಟ್ಟಿಗೆ ಬಂತು: ಎರಡು ಸೀರೆ, ಜಪಮಾಲೆ, ಕನ್ನಡಕ. ಇವರ ತಾಯಿ ಕನ್ನಡಕವನ್ನು ಒರೆಸಿ ಒರೆಸಿ ಇಡುತ್ತಿದ್ದರಂತೆ. ಆ ತಾಯಿಗೆ ಕೊನೆಯವರೆಗೂ ಇದ್ದದ್ದು ಒಂದೇ ಚಿಂತೆ.

“ಅವ್ವ ದಿನಾ ಕೇಳ್ತಿದ್ರು ಸಾ,” ಎಂದರು ಅಂತೋಣಿ. “ಸಾಯಾಗ ಯಾರಾರ ಪಕ್ಕದಲ್ ಇದ್ರಾ, ಒಂದ್ ತೊಟ್ಟು ನೀರ್ ಬಾಯ್ಗ್ ಬುಟ್ರಾ, ಇಲ್ಲ ಒಬ್ಳೇ ವೋದ್ಲಾ ಅಂತ. ನಾವ್ ಏನ್ ಏಳದು? ಗೊತ್ತಿಲ್ಲ ಕಣವ್ವ ಅಂತಿದ್ದೊ. ವೋದ್ ವರ್ಸದ್ ಇಂದ್ಲ್ ವರ್ಸ ಅವ್ರೂ ತೀರೋದ್ರು.”

ಹೇಳಲೇಬೇಕಿತ್ತು, ಹೇಳಿದೆ. ಅಕ್ಕನ ಸುದ್ದಿ ಅದೇ ಏಪ್ರಿಲ್‌ನಲ್ಲಿ ನಮ್ಮ ಡೆಸ್ಕಿಗೆ ಬಂದಿತ್ತು. ಕೊನೆಗೆ ಯಾರಿದ್ದರು ಎಂಬುದೂ ಅದರಲ್ಲಿತ್ತು. ನಾನು ಅದನ್ನು ಕನ್ನಡಕ್ಕೆ ಬರೆದೆ, ಜಾಗ ಸಾಲದ್ದಕ್ಕೆ ಆ ನಾಲ್ಕು ಸಾಲನ್ನು ನಾನೇ ಕತ್ತರಿಸಿದೆ. ನಿಮ್ಮ ಕಾರ್ಡನ್ನು ಓದಿಯೂ ಇರಲಿಲ್ಲ. ನೋಟ್‌ಬುಕ್ಕಿನ ಹಾಳೆ ತೆಗೆದು ತೋರಿಸಿದೆ. ಅವರು ಅಕ್ಷರಗಳನ್ನು ಓದಲಿಲ್ಲ, ಕೆಂಪು ಗೆರೆಯನ್ನಷ್ಟೇ ನೋಡಿದರು. ಹಿಪ್ಪುನೇರಳೆ ತೋಟದ ಕಡೆಯಿಂದ ಮೋಟಾರಿನ ಸದ್ದು ಬರತೊಡಗಿತು.

“ಕರೆಂಟ್ ಬಂತು. ನೀರ್ ತಿರುವ್ಬೇಕು,” ಎಂದು ಎದ್ದು ಹೋದರು.

ಜಗಲಿಯ ಮೇಲೆ ಒಬ್ಬನೇ ಕೂತಿದ್ದೆ. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಮುಕ್ಕಾಲು ಎಕರೆಗೆ ಅಷ್ಟು ಹೊತ್ತು ಬೇಡವೆಂದು ಬೇಸಾಯದ ಊರಿನವನಾದ ನನಗೆ ಗೊತ್ತಾಗುವುದಿಲ್ಲವೇ. ಮಾರ್ಟಳ್ಳಿಯಿಂದ ಕೊನೆಯ ಬಸ್ಸು ಹೋದದ್ದೂ ಕೇಳಿಸಿತು. ಸೆಲ್ವಿ ಟೀ ತಂದುಕೊಟ್ಟು, ಇವತ್ತು ಇಲ್ಲೇ ಉಳಿಯಬೇಕು, ಬೇರೆ ದಾರಿಯಿಲ್ಲ ಎಂದರು. ಅವರು ನನ್ನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಒಳಗೆ ಕರೆದುಕೊಂಡು ಹೋಗಿ ಅಟ್ಟ ತೋರಿಸಿದರು. ಅಲ್ಲಿ ಸೆಣಬಿನ ದಾರದಿಂದ ಕಟ್ಟಿದ ಪೇಪರಿನ ಹನ್ನೆರಡು ಕಟ್ಟುಗಳಿದ್ದವು. ಆ ಒಂದು ವರ್ಷದ ನಮ್ಮ ಪತ್ರಿಕೆ.

ರೇಷ್ಮೆ ಸಾಕುವ ಮನೆಯಲ್ಲಿ ಹಳೇ ಪೇಪರು ಉಳಿಯುವುದಿಲ್ಲ. ಹುಳುವಿನ ತಟ್ಟೆಗೆ, ಸ್ಟ್ಯಾಂಡಿಗೆ ಹಾಸಲು ಎಷ್ಟಿದ್ದರೂ ಸಾಲದು. ಹನೂರಿನ ಗುಜರಿ ಅಂಗಡಿಯಿಂದ ಕೆಜಿ ಲೆಕ್ಕದಲ್ಲಿ ತರುತ್ತಾರೆ. ಇವರ ಮನೆಯಲ್ಲಿ ಮಾತ್ರ ಆ ವರ್ಷದ ಪೇಪರನ್ನು ಹಾಸಬಾರದೆಂದು ಸೆಲ್ವಿಯ ಅತ್ತೆ ಕಟ್ಟಪ್ಪಣೆ ಮಾಡಿದ್ದರಂತೆ. ಲಾಕ್‌ಡೌನಿನಲ್ಲಿ ಬಸ್ಸಿಲ್ಲದ ದಿನವೂ ಹಾಲಿನ ವ್ಯಾನಿನವನಿಗೆ ಹೇಳಿ ಪೇಪರು ತರಿಸುತ್ತಿದ್ದರು. ಅಂತೋಣಿ ಏಳನೇ ಪುಟದಲ್ಲಿ ಇಟಲಿ ಎಂದು ಕಂಡದ್ದನ್ನೆಲ್ಲ ಓದಿ ತಮಿಳಿನಲ್ಲಿ ಹೇಳಬೇಕು. ಫೋನು ಬಂದು ಸಾವು ತಿಳಿದ ಮೇಲೂ ಅದು ನಿಲ್ಲಲಿಲ್ಲ. ಎಲ್ಲಾದರೂ ಒಂದು ಕಡೆ ಮಗಳ ಮಾತು ಬಂದೇ ಬರುತ್ತದೆ ಎಂದು ಡಿಸೆಂಬರ್‌ವರೆಗೂ ಕೇಳಿದರಂತೆ.

“ಅತ್ತೆಗೆ ಓದಕ್ ಬತ್ತಿರ್ನಿಲ್ಲ,” ಎಂದರು ಸೆಲ್ವಿ. “ನೀನ್ ಎಲ್ಲೋ ಒಂದ್ ಸಾಲ್ ಬುಟ್ಬುಟ್ಟಿರ್ಬೇಕು, ಇನ್ನೊಂದ್ ದಪ ನೋಡು ಅಂತ ಇವ್ರ್ ಕೈಲಿ ಅಟ್ಟದಿಂದ ಇಳ್ಸುಸೋರು.”

ಆ ತಾಯಿ ಅಂದುಕೊಂಡಿದ್ದು ಸರಿಯಾಗಿಯೇ ಇತ್ತು. ಸಾಲು ಬಿಟ್ಟುಹೋಗಿತ್ತು. ಬಿಟ್ಟವನು ಮಾತ್ರ ಮಗನಲ್ಲ.

ಹೊತ್ತು ಮುಳುಗುವಾಗ ಅಂತೋಣಿ ಬಂದರು. ಕಾಲು ತೊಳೆದುಕೊಂಡು, ಟವೆಲ್ಲಿನಿಂದ ಮುಖ ಒರೆಸಿಕೊಂಡು, ನಡುಮನೆಯಲ್ಲಿ ಚಾಪೆ ಹಾಸಿ ಕೂತರು. ಕಣ್ಣು ಕೆಂಪಾಗಿದ್ದವು. ಗೋಡೆಯ ಮೇಲೆ ತಾಯಿಯ ಫೋಟೊ, ಪಕ್ಕದಲ್ಲಿ ಬಿಳಿ ಸೀರೆಯ ಅಕ್ಕನ ಫೋಟೊ. ಆಗ ಮೊದಲ ಸಲ ಅವರ ಮುಖ ನೋಡಿದೆ. ತಮ್ಮನದೇ ಅಗಲವಾದ ಹಣೆ.

“ಓದಿ ಸಾ,” ಎಂದರು.

ಓದಿದೆ. ‘ಮೃತರಲ್ಲಿ ಭಾರತ ಮೂಲದ ಸಿಸ್ಟರ್ ಸಗಾಯ ಅವರೂ ಸೇರಿದ್ದಾರೆ. ಸಿಬ್ಬಂದಿ ಒಬ್ಬೊಬ್ಬರಾಗಿ ಕಾಯಿಲೆ ಬಿದ್ದ ಬಳಿಕ ಅವರು ಎರಡು ವಾರ ಆಶ್ರಮದಿಂದ ಹೊರಬಾರದೆ ವೃದ್ಧರ ಆರೈಕೆ ಮಾಡಿದ್ದರು. ಕೊನೆಯ ಗಳಿಗೆಯಲ್ಲಿ ಅಲ್ಲಿಯ ನಿವಾಸಿ, ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಅವರ ಕೈ ಹಿಡಿದು ಕುಳಿತಿದ್ದರು. “ಅವಳು ತನ್ನ ಭಾಷೆಯಲ್ಲಿ ಏನೋ ಹೇಳುತ್ತಲೇ ಇದ್ದಳು, ನನಗೆ ತಿಳಿಯಲಿಲ್ಲ, ಹೌದು ಹೌದು ಎನ್ನುತ್ತಿದ್ದೆ” ಎಂದು ಆ ಶಿಕ್ಷಕಿ ಹೇಳಿದ್ದಾರೆ.’

ಇನ್ನೊಂದು ಸಲ ಓದಲು ಹೇಳಿದರು. ಓದಿದೆ. ಅಂತೋಣಿ ಗೋಡೆಯ ಕಡೆ ತಿರುಗಿ ಕೂತರು. ಅವರ ಬೆನ್ನು ಅಲುಗುವುದು ಕಾಣುತ್ತಿತ್ತು. ನಾನೂ ಅತ್ತೆ, ಅದನ್ನು ಮುಚ್ಚಿಡುವುದೇನಿದೆ.

“ಯಾವ್ ಭಾಸೆ ಸಾ?” ಎಂದು ಕೇಳಿದರು ಆಮೇಲೆ. “ತಮಿಳಾ, ಕನ್ನಡವಾ?”

ಅದು ವರದಿಯಲ್ಲಿ ಇರಲಿಲ್ಲ. ಆ ಶಿಕ್ಷಕಿಗೆ ಎರಡೂ ಒಂದೇ. ನನಗೆ ಗೊತ್ತಿಲ್ಲ ಎಂದೆ. ಮನೆಯಲ್ಲಿ ತಾಯಿಯ ಜೊತೆ ತಮಿಳು, ಶಾಲೆಯಲ್ಲಿ ಕನ್ನಡ, ಆಮೇಲೆ ಮಠದಲ್ಲಿ ಇಂಗ್ಲಿಷು, ಅಲ್ಲಿ ಹೋಗಿ ಇಟಾಲಿಯನ್ನು. ಅಕ್ಕನಿಗೆ ಕೊನೆಯಲ್ಲಿ ಯಾವುದು ಬಂದಿತೋ, ಯಾರನ್ನು ಕರೆದರೋ, ಏನು ಕೇಳಿದರೋ ಎಂದು ಅಂತೋಣಿ ಒಂದೇ ಸಮನೆ ಹೇಳಿಕೊಳ್ಳತೊಡಗಿದರು. ಬಾಗಿಲಿಗೆ ಒರಗಿ ನಿಂತಿದ್ದ ಸೆಲ್ವಿ ಆಗ ಹೇಳಿದರು.

“ಯಾವ್ ಭಾಸೆನಾರ ಆಗ್ಲಿ ಬುಡಿ. ಪಕ್ಕದಲ್ ಕೂತ್ಕಂಡು ಒಬ್ರು ಔದೌದು ಅಂದವ್ರಲ್ಲ.”

ಅಂತೋಣಿ ಎದ್ದು ಅಟ್ಟದಿಂದ ಏಪ್ರಿಲ್‌ನ ಕಟ್ಟು ಇಳಿಸಿದರು. ನೋಟ್‌ಬುಕ್ಕಿನ ತಾರೀಖು ನೋಡಿ ಮರುದಿನದ ಪೇಪರನ್ನು ಹುಡುಕಿದೆವು. ಏಳನೇ ಪುಟದ ಬಲಗಡೆ ಆ ವರದಿ ಇತ್ತು. ಆ ಸಣ್ಣ ಊರಿನ ಹೆಸರನ್ನು ಕೂಡ ನಾನು ಹಾಕಿರಲಿಲ್ಲ, ‘ಬೆರ್ಗಮೊ ಬಳಿ’ ಎಂದು ಮುಗಿಸಿದ್ದೆ. ನಾಲ್ಕು ಸಾಲು ಇರಬೇಕಾದ ಕಡೆ ಕೈತೊಳೆಯುವ ಸೋಪಿನ ಜಾಹೀರಾತು ಕೂತಿತ್ತು. ಕೊನೇ ಗಳಿಗೆಯಲ್ಲಿ ಬಂದದ್ದಿರಬೇಕು, ನನಗೆ ನೆನಪಿಲ್ಲ. ಇಷ್ಟು ದೊಡ್ಡ ತಪ್ಪಿಗೆ ಒಂದು ನೆನಪೂ ಇಲ್ಲದಿರುವುದೇ ನನ್ನನ್ನು ಹೆಚ್ಚು ಚುಚ್ಚಿತು. ನೆನಪಿಡುವಂಥದ್ದು ಆ ದಿನ ನನ್ನ ಪಾಲಿಗೆ ಏನೂ ನಡೆದಿರಲಿಲ್ಲ.

ಅಂತೋಣಿ ಪೆನ್ನು ತಂದುಕೊಟ್ಟು, ಈ ಹಾಳೆಯಲ್ಲೇ ಬರೆಯಿರಿ ಎಂದರು. ವರದಿಯ ಕೆಳಗೆ, ಜಾಹೀರಾತಿನ ಅಂಚಿನಲ್ಲಿ, ಆದಷ್ಟು ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲನ್ನೂ ಬರೆದೆ. ಇಡೀ ಹೆಸರು ಹಾಕಿದೆ, ಸಿಸ್ಟರ್ ಸಗಾಯಮೇರಿ. ಊರಿನ ಹೆಸರೂ ಹಾಕಿದೆ, ಅಲ್ಲಿಯ ಊರಿನದೂ ಇಲ್ಲಿಯದೂ. ಜಾಗ ಸಾಲದೆ ಪಕ್ಕದ ಖಾಲಿ ಅಂಚಿಗೂ ಹೋಯಿತು. ಅಂತೋಣಿ ಅದನ್ನು ದೀಪದ ಹತ್ತಿರ ಹಿಡಿದು ಅಕ್ಷರ ಅಕ್ಷರವಾಗಿ ಓದಿದರು.

“ಇದು ಪೇಪರ್ನಲ್ ಬಂದಂಗೇನಾ ಸಾ?”

ಪೇಪರಿನಲ್ಲಿ ಬರುವುದೆಂದರೆ ಊರೆಲ್ಲ ಓದುವುದು. ಇದು ಒಂದೇ ಪ್ರತಿ, ಅದೂ ಐದು ವರ್ಷ ತಡವಾಗಿ. ಅದನ್ನೆಲ್ಲ ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಬಂದ ಹಾಗೆಯೇ ಎಂದೆ. ಅವರು ನಂಬಿದರೋ, ನನ್ನ ಮೇಲೆ ಕರುಣೆಯಿಂದ ತಲೆಯಾಡಿಸಿದರೋ, ತಿಳಿಯಲಿಲ್ಲ. ಹಾಳೆಯನ್ನು ಮಡಿಸಿ ಪ್ರಾರ್ಥನೆ ಪುಸ್ತಕದಲ್ಲಿಟ್ಟರು.

ಬೆಳಿಗ್ಗೆ ಆರಕ್ಕೆ ಎದ್ದಾಗ ಗಂಡ ಹೆಂಡತಿ ಇಬ್ಬರೂ ಹುಳುಮನೆಯಲ್ಲಿದ್ದರು. ಹುಳು ಜ್ವರದಿಂದ ಎದ್ದಿದ್ದವು. ಇನ್ನು ಅವುಗಳಿಗೆ ದುಪ್ಪಟ್ಟು ಜಾಗ ಬೇಕು, ಹೊಸದಾಗಿ ಹಾಸಬೇಕು. ನೋಡಿದರೆ ಅಟ್ಟದ ಹನ್ನೆರಡು ಕಟ್ಟೂ ಕೆಳಗಿಳಿದಿದ್ದವು. ಏನೆಂದು ಕೇಳುವ ಮೊದಲೇ ಅಂತೋಣಿ, ಹುಡುಕಿದ್ದು ಸಿಕ್ಕಿತಲ್ಲ, ಇನ್ನು ಇಟ್ಟುಕೊಂಡು ಏನು ಮಾಡುವುದು ಎಂದರು. ನನಗೂ ಒಳಗೆ ಬರಲು ಹೇಳಿದರು. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕದಡಿದ ತೊಟ್ಟಿಯಲ್ಲಿ ಕಾಲು ಅದ್ದಿ, ಕೈ ತೊಳೆದು ಹೋದೆ.

ನಾನು ಹಾಸಿದೆ, ಸೆಲ್ವಿ ಸೊಪ್ಪಿನ ಕಡ್ಡಿ ಇಟ್ಟರು, ಅಂತೋಣಿ ಹುಳು ಹರಡಿದರು. ಫೆಬ್ರವರಿಯಲ್ಲಿ ಉತ್ತರ ಇಟಲಿಯ ಊರುಗಳಿಗೆ ಬೀಗ ಬಿತ್ತು. ಮಾರ್ಚಿನಲ್ಲಿ ಜನ ಬಾಲ್ಕನಿಗಳಲ್ಲಿ ನಿಂತು ಹಾಡಿದರು. ಅದೇ ತಿಂಗಳು ಬೆರ್ಗಮೊ ನಗರದಿಂದ ಶವಪೆಟ್ಟಿಗೆ ಹೊತ್ತ ಸೇನೆಯ ಲಾರಿಗಳು ಸಾಲಾಗಿ ಹೊರಟವು. ಮಳೆಯಲ್ಲಿ ನೆನೆಯುತ್ತಿದ್ದ ಖಾಲಿ ಚೌಕದಲ್ಲಿ ಪೋಪ್ ಒಬ್ಬರೇ ನಿಂತು ಪ್ರಾರ್ಥಿಸಿದರು. ಎಲ್ಲ ನನ್ನ ತಲೆಬರಹಗಳೇ. ಒಂದೊಂದರ ಮೇಲೂ ಸೊಪ್ಪು ಬಿತ್ತು. ಆಮೇಲೆ ನಾನಿಲ್ಲದ ತಿಂಗಳುಗಳು: ಕುಸಿದ ಸೇತುವೆಯ ಜಾಗದಲ್ಲಿ ಜಿನೋವಾದಲ್ಲಿ ಹೊಸ ಸೇತುವೆ, ಸಂಸತ್ತಿನ ಸದಸ್ಯರನ್ನು ಕಡಿಮೆ ಮಾಡಲು ಜನಮತ, ವೆನಿಸಿಗೆ ಕಡಲು ನುಗ್ಗದಂತೆ ಮೊದಲ ಸಲ ಎತ್ತಿದ ಗೇಟುಗಳು, ವರ್ಷದ ಕೊನೆಗೆ ಒಬ್ಬ ನರ್ಸಿಗೆ ಮೊದಲ ಲಸಿಕೆ. ಅಷ್ಟು ದೊಡ್ಡ ದೇಶದ ಅಷ್ಟು ದೊಡ್ಡ ವರ್ಷ ಒಂಬತ್ತು ಗಂಟೆಯೊಳಗೆ ಹುಳುವಿನ ಕೆಳಗೆ ಮುಗಿದುಹೋಯಿತು.

ತಿಂಡಿ ತಿಂದು ಹೊರಟೆ. ತೆಂಗಿನಕಾಯಿಗಳನ್ನು ಸೆಲ್ವಿಯವರಿಗೆ ಕೊಟ್ಟಾಗ ನಮ್ಮ ಮನೆಯವಳ ಗೊಂದಲವನ್ನೂ ಹೇಳಿದೆ. ಅವರು ಸ್ವಲ್ಪ ನಕ್ಕು, ಚಟ್ನಿಗೆ ಆಗುತ್ತದೆ ಎಂದು ತೆಗೆದುಕೊಂಡರು. ಅಂತೋಣಿ ಬಸ್ಸಿನವರೆಗೆ ಬಂದರು. ದಾರಿಯಲ್ಲಿ ಸ್ಮಶಾನದ ಹತ್ತಿರ ನಿಂತು, ಐದು ನಿಮಿಷ ಎಂದರು. ನಾನು ಗೇಟಿನ ಹತ್ತಿರವೇ ಉಳಿದೆ. ಸುಣ್ಣ ಬಳಿದ ತಾಯಿಯ ಸಮಾಧಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಪ್ರಾರ್ಥನೆ ಪುಸ್ತಕದಿಂದ ಹಾಳೆ ತೆಗೆದು, ನಿಧಾನವಾಗಿ ಓದಿದರು. ಹಿಂದೆ ಆ ವರ್ಷವೆಲ್ಲ ಓದುತ್ತಿದ್ದ ಹಾಗೆಯೇ, ಒಂದು ಸಾಲು ಕನ್ನಡದಲ್ಲಿ ನೋಡಿಕೊಂಡು, ಅದನ್ನೇ ತಮಿಳಿನಲ್ಲಿ ಹೇಳುತ್ತ. ನನಗೆ ಏನೂ ತಿಳಿಯಲಿಲ್ಲ. ಕೊನೆಯಲ್ಲಿ ಮಾತ್ರ ‘ಆಮಾ, ಆಮಾ’ ಎಂದದ್ದು ತಿಳಿಯಿತು. ತಮಿಳಿನಲ್ಲಿ ಹಾಗೆಂದರೆ ಹೌದು, ಹೌದು.

ಬಸ್ಸು ಬಂತು. ಕಾಗದ ಬರೆಯುತ್ತೇನೆ ಎಂದೆ. “ಬರೀರಿ ಸಾ, ನಾನ್ ಓದ್ತೀನಿ” ಎಂದರು ಅಂತೋಣಿ. ಬಸ್ಸು ತಿರುವಿನಲ್ಲಿ ಹೊರಳುವಾಗ ಹಿಂತಿರುಗಿ ನೋಡಿದೆ. ಅವರು ಆಗಲೇ ತೋಟದ ಕಡೆ ಬಿರಬಿರನೆ ನಡೆಯುತ್ತಿದ್ದರು. ಎದ್ದ ಹುಳು ಕಾಯುವುದಿಲ್ಲ.

ಮುಂದಿನ ಸ್ಟಾಪಿನಲ್ಲಿ ಒಬ್ಬ ಮುದುಕಿ ಹತ್ತಿ ನನ್ನ ಪಕ್ಕ ಕೂತರು. ಮಡಿಲಲ್ಲಿ ಆಸ್ಪತ್ರೆಯ ಚೀಟಿಗಳ ಕವರಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ತಮಿಳಿನಲ್ಲಿ ಮಾತಿಗೆ ಶುರುವಿಟ್ಟರು. ನನಗೆ ತಮಿಳು ಬಾರದೆಂದು ಕೈಸನ್ನೆ ಮಾಡಲು ಹೋದೆ, ಅವರು ನೋಡಲಿಲ್ಲ. ಯಾರೋ ಒಬ್ಬರ ಹೆಸರು ಮತ್ತೆ ಮತ್ತೆ ಬರುತ್ತಿತ್ತು, ಆ ಹೆಸರು ಬಂದಾಗಲೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕೌದಳ್ಳಿ ಬರುವವರೆಗೂ ನಾನು ಅವರ ಕಡೆಗೇ ತಿರುಗಿ ಕೂತು, “ಆಮಾ, ಆಮಾ” ಎನ್ನುತ್ತಿದ್ದೆ.